ಕಲ್ಲಿನ ದನಿ, ಮಿದುಳಿನ ದನಿ

ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ಗುಡಿಯೊಳಗೆ ಒಂದು ಕಂಬದ ಮುಂದೆ ಹತ್ತು ನಿಮಿಷ ಕೂತು ನೋಡಬೇಕು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳು ಪಟ್ಟಿ ಪಟ್ಟಿಯಾಗಿ ಎದ್ದು ಬರುತ್ತವೆ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು. ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದೂ ಅಲ್ಲಿನ ಶಾಸನದಲ್ಲಿವೆ. ಮರಳುಗಲ್ಲಿನಲ್ಲಿ ತಪ್ಪಿ ಬಿದ್ದ ಉಳಿಯೇಟನ್ನು ಅಳಿಸಲಾಗದು. ಅದಕ್ಕೇ ಶಿಲ್ಪಿಗಳು ಕಲ್ಲನ್ನು ತಟ್ಟಿ, ದನಿ ಕೇಳಿ ಆರಿಸುತ್ತಾರೆ. ಒಳಗೆ ಬಿರುಕಿದ್ದರೆ ಕಲ್ಲು ಮಂಕಾಗಿ ಸದ್ದು ಮಾಡುತ್ತದೆ.

ಇಂಥ ಕೆಲಸಕ್ಕೆ ಗಮನ ಬೇಕು, ಈ ಸೀಮೆಯಲ್ಲಿ ಅದಕ್ಕೆ ಲಕ್ಷ್ಯ ಎನ್ನುತ್ತಾರೆ. ಲಕ್ಷ್ಯ ಹೇಗಿರುತ್ತದೆ ಎಂದು ಹತ್ತಿರದಿಂದ ಕಾಣಬೇಕಾದರೆ ಇಳಕಲ್ಲಿನ ಗುಂಡಿಮಗ್ಗದ ಬದಿಗೆ ನಿಲ್ಲಬೇಕು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ತೋಪುತೆಣಿ ಕೆಲಸದಲ್ಲಿ ಬೆರಳು ಒಂದು ಎಳೆ ಬಿಟ್ಟರೂ ನೇಯ್ಗೆಯಲ್ಲಿ ಅದು ಕಂಡೇ ಕಾಣುತ್ತದೆ. ಲಕ್ಷ್ಯ ತಪ್ಪಿತೆಂದು ನೇಕಾರರಿಗೆ ಬೇರೆ ಯಾರೂ ಹೇಳಬೇಕಿಲ್ಲ, ನೂಲೇ ಹೇಳುತ್ತದೆ.

ಇದೇ ಸೂಚನೆಯನ್ನು ನೇರವಾಗಿ ಮಿದುಳಿನಿಂದ ಪಡೆಯಬಹುದೇ? ನ್ಯೂರೋಫೀಡ್‌ಬ್ಯಾಕ್ ಎಂಬ ತರಬೇತಿ ಕೇಳುವ ಪ್ರಶ್ನೆ ಇದು. ನೆತ್ತಿಯ ಮೇಲೆ ವಿದ್ಯುದ್ವಾರಗಳನ್ನಿಟ್ಟರೆ ಮಿದುಳಿನ ಅಲೆಗಳು ಸಿಗುತ್ತವೆ. ವೋಲ್ಟನ್ನು ಹತ್ತು ಲಕ್ಷ ಭಾಗ ಮಾಡಿದರೆ ಅವುಗಳ ಬಲ ಅಂಥ ಕೆಲವು ಹತ್ತು ಭಾಗಗಳಷ್ಟೇ. ಕಂಪ್ಯೂಟರ್ ಬೇಕಾದ ಅಲೆಯನ್ನು ಆರಿಸಿ, ಅದು ಏರಿದಾಗ ದನಿ ಏರಿಸುತ್ತದೆ, ಇಳಿದಾಗ ಇಳಿಸುತ್ತದೆ. ಕೇಳುತ್ತ ಕೇಳುತ್ತ ಮನುಷ್ಯ ತನ್ನ ಮಿದುಳನ್ನು ಹದಕ್ಕೆ ತರಬೇಕು. ಜರ್ಮನಿಯ ಯೇನಾದಲ್ಲಿ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯರ ಈ ಅಲೆಗಳನ್ನು ದಾಖಲಿಸಿದ. ಕಣ್ಣು ಮುಚ್ಚಿ ನಿರಾಳವಾಗಿದ್ದಾಗ ಏಳುವ ಆಲ್ಫಾ ಅಲೆ ಕಣ್ಣು ತೆರೆದೊಡನೆ ಕುಗ್ಗುತ್ತದೆಂದು ಕಂಡವನೂ ಅವನೇ.

ನಮ್ಮಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ಸಂಶೋಧಕರು ಈ ತರಬೇತಿಯನ್ನು ತಲೆಗೆ ಪೆಟ್ಟು ಬಿದ್ದವರ ಚೇತರಿಕೆಗೆ ಬಳಸಿದ್ದಾರೆ. ಆರೋಗ್ಯವಂತ ವಯಸ್ಕರ ವಿಚಾರಕ್ಕೆ ಬಂದರೆ ನನಗೆ ಬಹಳ ಮುಖ್ಯವೆನಿಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಭಿಜಿತ್ ಬಿಸ್ವಾಸ್ ಮತ್ತು ಸುಪ್ರತಿಮ್ ರೇ ನಡೆಸಿ, 2019ರಲ್ಲಿ ಪ್ರಕಟಿಸಿದ ಅಧ್ಯಯನ. ಕಣ್ಣು ಮುಚ್ಚಿ ಕೂತವರಿಗೆ ಕೆಲವು ಸಲ ಅವರದೇ ಆಲ್ಫಾ ಅಲೆಗೆ ತಕ್ಕ ದನಿ ಕೇಳಿಸಿದರು. ಕೆಲವು ಸಲ ಸಂಬಂಧವೇ ಇಲ್ಲದ ದನಿ, ಇನ್ನು ಕೆಲವು ಸಲ ಏರಿಳಿತವಿಲ್ಲದ ಒಂದೇ ದನಿ. ಯಾವುದು ನಿಜವಾದದ್ದೆಂದು ಕೂತವರಿಗೆ ಹೇಳಲಿಲ್ಲ. ಆಲ್ಫಾ ಅಲೆಯನ್ನು ತಾವಾಗಿ ಉಳಿಸಿಕೊಳ್ಳಲಾಗದವರಿಗೆ ನಿಜವಾದ ದನಿಯಿಂದ ಸಹಾಯವಾಯಿತು ಎಂಬುದು ಅವರು ಕಂಡುಕೊಂಡ ಸಂಗತಿ. ಚಿಕ್ಕ ಮಾತು, ಆದರೆ ಪ್ರಾಮಾಣಿಕವಾಗಿ ತೂಗಿ ಹೇಳಿದ ಮಾತು. ಸುಳ್ಳು ದನಿಯ ಜೊತೆ ಹೋಲಿಸದೆ ಹೇಳಿದ್ದರೆ ಅದಕ್ಕೆ ಅಷ್ಟು ಬೆಲೆ ಇರುತ್ತಿರಲಿಲ್ಲ.

ಯಾಕೆಂದರೆ ಅಮೆರಿಕದಲ್ಲಿ ಗಮನದ ಕೊರತೆಯಿದ್ದ 142 ಮಕ್ಕಳ ಮೇಲೆ ಹೀಗೇ ಪರೀಕ್ಷೆ ಮಾಡಿದಾಗ ನಿಜವಾದ ತರಬೇತಿ ಪಡೆದವರೂ ಸುಧಾರಿಸಿದರು, ಸುಳ್ಳು ತರಬೇತಿ ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು. ವಾರಗಟ್ಟಲೆ ತಪ್ಪದೆ ಬಂದು ಒಂದೆಡೆ ಕೂತು ಮನಸ್ಸಿಡುವುದೇ ಒಂದು ಸಾಧನೆಯಲ್ಲವೇ? ಯಾವ ಅಲೆಯನ್ನು ಏರಿಸಬೇಕೆಂಬುದೂ ಸುಲಭವಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ವಿದ್ಯಾರ್ಥಿಗಳಿಗೆ ಸಂಶೋಧಕರಾದ ಎಗ್ನರ್ ಮತ್ತು ಗ್ರುಝೆಲಿಯರ್ ನೀಡಿದ ತರಬೇತಿಯ ವರದಿ 2003ರಲ್ಲಿ ಬಂತು. ವಾದನಕ್ಕೆ ನೆರವಾದದ್ದು ಚುರುಕಿನ ಅಲೆಗಳ ತರಬೇತಿಯಲ್ಲ, ನಿದ್ದೆಯ ಅಂಚಿಗೆ ಒಯ್ಯುವ ನಿಧಾನ ಅಲೆಗಳ ತರಬೇತಿ ಎಂದು ಅದು ಹೇಳಿತು. ಇಂಥದೊಂದು ಅಲೆ ಹೆಚ್ಚಾದರೆ ಏಕಾಗ್ರತೆ ಹೆಚ್ಚು ಎಂಬ ನೇರ ಲೆಕ್ಕ ಮಿದುಳಿನಲ್ಲಿ ನಡೆಯುವುದಿಲ್ಲ.

ನನ್ನನ್ನು ಕಾಡುವುದು ಇದೇ. ನೂಲು ನೇಕಾರರಿಗೆ ಹೇಳುವುದು ಕೆಲಸದ ಸುದ್ದಿ. ಹೆಡ್‌ಫೋನಿನ ದನಿ ಹೇಳುವುದು ಮಿದುಳಿನ ಸುದ್ದಿ. ಮಿದುಳಿನ ಒಂದು ಅಲೆಯನ್ನು ಏರಿಸಲು ಕಲಿತವನ ಲಕ್ಷ್ಯ ನಾಳೆ ಬೆಳಿಗ್ಗೆ ಪುಸ್ತಕದ ಮೇಲೋ ಲೇತ್ ಯಂತ್ರದ ಮೇಲೋ ಹೆಚ್ಚು ಹೊತ್ತು ನಿಲ್ಲುತ್ತದೆಯೇ? ಆರೋಗ್ಯವಂತ ವಯಸ್ಕರಲ್ಲಿ ಹಾಗೆ ನಿಲ್ಲುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಕೂಡಿಬಂದಿಲ್ಲ. ಆದರೂ ಏಕಾಗ್ರತೆ ಬೆಳೆಸುವ ತಲೆಪಟ್ಟಿಗಳು ಮಾರಾಟಕ್ಕಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಬಾಗಲಕೋಟೆ, ಹುನಗುಂದದ ಹುಡುಗರ ಮೊಬೈಲಿಗೂ ಆ ಜಾಹೀರಾತು ತಲುಪಬಲ್ಲದು.

ಪ್ರಯೋಗಾಲಯದ ಕೆಲಸ ನಡೆಯಲೇಬೇಕು. ಸ್ವಯಂಸೇವಕರಾಗಿ ಕರೆದರೆ ಹೋಗಿ ಕೂರಿ, ಅದರಿಂದ ವಿಜ್ಞಾನಕ್ಕೆ ಉಪಕಾರ. ಆದರೆ ಯಾರಾದರೂ ದುಡ್ಡು ಕೇಳಿದರೆ, ಇದನ್ನು ಸುಳ್ಳು ದನಿಯ ಎದುರು ಪರೀಕ್ಷಿಸಿದ್ದೀರಾ, ಗೆದ್ದದ್ದು ಯಾವುದು ಎಂದು ಮೊದಲು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಕೊಳ್ಳಬೇಡಿ.