ಕಾರಿನಲ್ಲಿ ಕೂಸಿಗೆ ಯಾವ ಆಸನ?

ಹುಣ್ಣಿಮೆಯ ದಿನ ಶ್ರೀಮಠದ ಅಂಗಳಕ್ಕೆ ಬರುವ ಕಾರುಗಳನ್ನು ಗಮನಿಸಿದರೆ ಒಂದು ದೃಶ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮುಂದಿನ ಆಸನದಲ್ಲಿ ಅಜ್ಜನೋ ತಾಯಿಯೋ ಕುಳಿತಿರುತ್ತಾರೆ. ತೊಡೆಯ ಮೇಲಿನ ಕೂಸು ಗಾಜಿನಾಚೆಯ ಲೋಕವನ್ನು ನೋಡುತ್ತಿರುತ್ತದೆ. ಅದರಲ್ಲಿ ಅಕ್ಕರೆಯಿದೆ, ಸಂದೇಹವಿಲ್ಲ. ನಾನೂ ಹಾಗೆಯೇ ಕುಳಿತವನು. ಕೆಲವು ವರ್ಷಗಳ ಹಿಂದೆ ಒಂಬತ್ತು ತಿಂಗಳ ಮೊಮ್ಮಗಳನ್ನು ಎದೆಗವಚಿಕೊಂಡು ಹೊರಟಿದ್ದಾಗ, ಅಡ್ಡಬಂದ ಮೇಕೆಯೊಂದನ್ನು ಉಳಿಸಲು ಮಗ ಬ್ರೇಕ್ ಒತ್ತಿದ. ವೇಗ ಹೆಚ್ಚಿರಲಿಲ್ಲ. ಆದರೂ ಕೂಸು ನನ್ನ ಕೈಯಿಂದ ಜಾರಿ ಹಣೆಯನ್ನು ಡ್ಯಾಶ್‌ಬೋರ್ಡಿಗೆ ಬಡಿದುಕೊಂಡಿತು. ಊತ ಎರಡು ದಿನದಲ್ಲಿ ಇಳಿಯಿತು. ನನ್ನ ಕೈಗಳ ಮೇಲೆ ನನಗಿದ್ದ ಭರವಸೆ ಮಾತ್ರ ಮರಳಲಿಲ್ಲ.

ಲೆಕ್ಕ ಸರಳವಾದುದು. ಗಂಟೆಗೆ 50 ಕಿ.ಮೀ. ವೇಗದ ವಾಹನವು ಡಿಕ್ಕಿಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ನಿಂತರೆ, 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತೋಳಿಗೂ ಅದು ಸಾಧ್ಯವಿಲ್ಲ. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿಕೊಂಡರಂತೂ ದೊಡ್ಡವರ ದೇಹವೇ ಮಗುವನ್ನು ಜಜ್ಜುತ್ತದೆ. ಮುಂದಿನ ಏರ್‌ಬ್ಯಾಗ್ ಕೂಡ ಕೂಸಿಗೆ ರಕ್ಷಕನಲ್ಲ. ಗಂಟೆಗೆ 300 ಕಿ.ಮೀ. ಸಮೀಪದ ವೇಗದಲ್ಲಿ ಅರಳುವ ಆ ಚೀಲ ಶಿಶುವಿನ ತಲೆಗೆ ಪ್ರಾಣಾಂತಿಕ ಹೊಡೆತವಾಗಬಲ್ಲದು. ಆದ್ದರಿಂದ ಮಗುವಿನ ಸ್ಥಾನ ಹಿಂದಿನ ಸಾಲೇ.

ನವಜಾತ ಶಿಶುವಿನ ಶಿರಸ್ಸು ದೇಹದ ಉದ್ದದ ನಾಲ್ಕನೆಯ ಒಂದು ಭಾಗ. ವಯಸ್ಕರಲ್ಲಿ ಎಂಟನೆಯ ಒಂದು ಭಾಗದಷ್ಟು. ಅಷ್ಟು ಭಾರದ ತಲೆಯನ್ನು ಹೊರುವ ಕತ್ತು ಇನ್ನೂ ಎಳೆಯದು. ಸುಶ್ರುತಾಚಾರ್ಯರು ಹೇಳುವ 107 ಮರ್ಮಗಳಲ್ಲಿ 37 ಕತ್ತು ಮತ್ತು ಶಿರಸ್ಸಿನಲ್ಲಿಯೇ ಇವೆ. ಕೂಸನ್ನು ಹಠಾತ್ತನೆ ಎತ್ತಬಾರದು, ಶಕ್ತಿ ಬರುವ ಮುನ್ನ ಕೂರಿಸಿದರೆ ಬೆನ್ನು ಗೂನಾದೀತು ಎಂದೂ ಅವರು ಎಚ್ಚರಿಸಿದ್ದಾರೆ. ಶಿಶು ಆಸನವನ್ನು ತುಸು ಒರಗಿಸಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಜೋಡಿಸುವ ಆಧುನಿಕ ಕ್ರಮ ಈ ವಿವೇಕಕ್ಕೆ ದೂರವಾದುದಲ್ಲ. ಡಿಕ್ಕಿಯ ಆಘಾತ ಆಗ ಬೆನ್ನಿನುದ್ದಕ್ಕೂ ಹರಡುತ್ತದೆ, ಕತ್ತು ಮುಂದಕ್ಕೆ ಎಳೆಯಲ್ಪಡುವುದಿಲ್ಲ. ಆಸನದ ತೂಕ ಮತ್ತು ಎತ್ತರದ ಮಿತಿ ಮುಟ್ಟುವವರೆಗೂ ಮಗು ಹಿಮ್ಮುಖವಾಗಿಯೇ ಇರಲಿ. ಕಾಲು ಮಡಚಿಕೊಂಡಿದೆಯೆಂದು ಮರುಗುವ ಅಜ್ಜಿಯರಿಗೆ ನಾನು ಹೇಳುವುದಿಷ್ಟೇ: ಮಕ್ಕಳಿಗೆ ಮಡಚಿದ ಕಾಲು ನಮ್ಮಷ್ಟು ನೋಯುವುದಿಲ್ಲ.

ಹಿಂದಿನ ಸಾಲಿನಲ್ಲಿ ಎಲ್ಲಿ? ಪಕ್ಕದ ಬಾಗಿಲುಗಳೆರಡರಿಂದಲೂ ದೂರವಿರುವುದು ನಡುಭಾಗ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಗಾಯದ ಸಂಭವ ಬದಿಯ ಆಸನಗಳಿಗಿಂತ ಶೇಕಡಾ 43ರಷ್ಟು ಕಡಿಮೆಯೆಂದು ಕಂಡುಬಂದಿತು. ಆದರೆ ನಮ್ಮ ಅನೇಕ ಕಾರುಗಳಲ್ಲಿ ನಡುಭಾಗ ಉಬ್ಬಿರುತ್ತದೆ. ಹಳೆಯವುಗಳಲ್ಲಿ ಅಲ್ಲಿ ಸೊಂಟದ ಬೆಲ್ಟ್ ಮಾತ್ರ. ಐಸೊಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಎರಡು ಬದಿಗಳಲ್ಲಷ್ಟೇ ಇರುತ್ತವೆ. ನಡುವೆ ಅಲುಗಾಡುವ ಆಸನಕ್ಕಿಂತ ಬದಿಯಲ್ಲಿ ಭದ್ರವಾಗಿ ಕೂತದ್ದೇ ಮೇಲು. ಬದಿಯೆಂದಾಗ ಎಡಬದಿಯನ್ನು ಆರಿಸಿಕೊಳ್ಳಿ. ನಮ್ಮಲ್ಲಿ ವಾಹನ ರಸ್ತೆಯ ಎಡಕ್ಕೆ ನಿಲ್ಲುವುದರಿಂದ, ಹಾಯುವ ಲಾರಿಗಳಿಗೆ ಬೆನ್ನೊಡ್ಡದೆ ಪಾದಚಾರಿ ಮಾರ್ಗದ ಕಡೆಯಿಂದ ಮಗುವನ್ನು ಇಳಿಸಬಹುದು. ಜೋಡಿಸಿದ ಮೇಲೆ ಬೆಲ್ಟ್ ಹಾಯುವ ಕಡೆ ಹಿಡಿದು ಅಲುಗಾಡಿಸಿ. ಒಂದಂಗುಲಕ್ಕಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಿರಿ. ಮಗುವಿನ ಭುಜದ ಪಟ್ಟಿ ಬೆರಳುಗಳಿಗೆ ಚಿವುಟಲು ಸಿಗಬಾರದು. ದಪ್ಪ ಕಂಬಳಿಯನ್ನು ಪಟ್ಟಿಯ ಕೆಳಗಲ್ಲ, ಮೇಲೆ ಹೊದಿಸಿ. ಲಿಂಗಧಾರಣೆಯಾದ ಕೂಸಾದರೆ ಕರಡಿಗೆಯು ಎದೆಗೂ ಪಟ್ಟಿಗೂ ನಡುವೆ ಸಿಕ್ಕದಂತೆ ನೋಡಿಕೊಳ್ಳಿ.

ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿಯ ಬಳಿಕ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಶಿಶು ಆಸನದಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ.

ಮೊದಲ ಕೆಲವು ದಿನ ಕೂಸು ಅಳುವುದು ಸಹಜ. ಹಾಲೂಡಿಸಬೇಕಾದರೆ ಕಾರು ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಊಡಿಸಿ, ಮತ್ತೆ ಕೂರಿಸಿ ಹೊರಡಿ. ದರ್ಶನಕ್ಕೆ ಇಳಿಯುವಾಗ ನಿದ್ದೆ ಕೆಡುತ್ತದೆಂದು ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಬರಬೇಡಿ, ಐದು ನಿಮಿಷಕ್ಕೂ.