ಕರ್ನಲ್ ಕಟ್ಟೋಣ ಬನ್ನಿ

ಪರಮ್ ಸೂಪರ್ ಕಂಪ್ಯೂಟರಿನ ತವರು ನಮ್ಮ ಪುಣೆ. 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಶುರುವಾಯಿತು, 1991ರಲ್ಲಿ ಪರಮ್ 8000 ಬಂತು. ಅದೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬರೆದು ಹಂಚಿದರು. 2020ರ ನವೆಂಬರಿನಲ್ಲಿ ಸಿ-ಡ್ಯಾಕ್‌ನ ಪರಮ್ ಸಿದ್ಧಿ ಜಗತ್ತಿನ 500 ಸೂಪರ್ ಕಂಪ್ಯೂಟರುಗಳಲ್ಲಿ 63ನೆಯದಾಯಿತಲ್ಲ, ಅದೂ ಲಿನಕ್ಸಿನದೇ. ನಿಮ್ಮ ಅಟ್ಟದ ಮೇಲಿನ ಹಳೆ ಪಿ.ಸಿ.ಗೂ ಅದೇ ಲಿನಕ್ಸ್ ಸಾಕು!

ಅದು ಹೇಗೆ? ಕರ್ನಲ್ ಎಂದರೆ ಯಂತ್ರಕ್ಕೂ ತಂತ್ರಾಂಶಕ್ಕೂ ನಡುವಿನ ಯಜಮಾನ. ಲಿನಕ್ಸಿನಲ್ಲಿ ಈ ಯಜಮಾನನ ಮನೆಯಲ್ಲಿ ಯಾರಿರಬೇಕೆಂದು ನಾವೇ ತೀರ್ಮಾನಿಸಬಹುದು. ಮೂಲ ಕೋಡ್ ಇಳಿಸಿಕೊಂಡು 'ಮೇಕ್ ಮೆನುಕಾನ್ಫಿಗ್' ಎಂದು ಕೊಟ್ಟರೆ ಸಾವಿರಾರು ಪ್ರಶ್ನೆಗಳ ಪಟ್ಟಿ ತೆರೆಯುತ್ತದೆ. (ಟೈಪ್ ಮಾಡುವುದು ಇಂಗ್ಲಿಷಿನಲ್ಲೇ, ಎಲ್ಲವೂ ಸಣ್ಣಕ್ಷರ.) 'ವೈ' ಅಂದರೆ ಆ ಡ್ರೈವರ್ ಮನೆಯವನೇ, ಸದಾ ಒಳಗಿರುತ್ತಾನೆ. 'ಎಂ' ಅಂದರೆ ಮಾಡ್ಯೂಲ್: ಮದುವೆಗೆ ಕರೆಸುವ ಅಡುಗೆ ಭಟ್ಟರಂತೆ, ಬೇಕಾದಾಗ ಬಂದು ಕೆಲಸ ಮುಗಿಸಿ ಹೋಗಬಹುದು. 'ಎನ್' ಅಂದರೆ ಸಂಬಂಧವೇ ಇಲ್ಲ.

ಇಲ್ಲೊಂದು ಗುಂಡಿ ಇದೆ. ಹಾರ್ಡ್ ಡಿಸ್ಕ್ ಓದುವ ಡ್ರೈವರನ್ನೇ ಮಾಡ್ಯೂಲ್ ಮಾಡಿ, ಆ ಮಾಡ್ಯೂಲನ್ನು ಅದೇ ಡಿಸ್ಕಿನಲ್ಲಿ ಇಟ್ಟರೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ ಹಾಗೆ. 'ಕರ್ನಲ್ ಪ್ಯಾನಿಕ್' ಎಂದು ಬರೆದು ಯಂತ್ರ ನಿಂತುಬಿಡುತ್ತದೆ. ಇದಕ್ಕೆಂದೇ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪುಟ್ಟ ಗಂಟನ್ನು ಕರ್ನಲ್ ಜೊತೆಗೇ ಮೆಮೊರಿಗೆ ಏರಿಸುತ್ತಾರೆ. ಅದಿಲ್ಲದಿದ್ದರೆ ಡಿಸ್ಕ್ ಮತ್ತು ಫೈಲ್ ಸಿಸ್ಟಮ್ ಎರಡಕ್ಕೂ 'ವೈ' ಕೊಡಿ.

ಸಾವಿರಾರು ಪ್ರಶ್ನೆ ನೋಡಿ ಹೆದರಬೇಡಿ. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಟ್ಟರೆ ಆ ಕ್ಷಣ ಕೆಲಸದಲ್ಲಿರುವ ಮಾಡ್ಯೂಲುಗಳನ್ನಷ್ಟೇ ಉಳಿಸಿ ಮಿಕ್ಕವನ್ನು ಕೈಬಿಡುತ್ತದೆ. ಪ್ರಿಂಟರ್, ಮೈಕ್, ಪೆನ್ ಡ್ರೈವ್ ಎಲ್ಲ ಮೊದಲೇ ಚುಚ್ಚಿಟ್ಟಿರಿ. ಇಲ್ಲದಿದ್ದರೆ ಅವುಗಳ ಡ್ರೈವರೂ ಹೋಗುತ್ತದೆ.

ನಮ್ಮಂಥ ದನಿಯ ಕೆಲಸದವರಿಗೆ ಇದರಲ್ಲಿ ಇನ್ನೊಂದು ಲಾಭ. ರೆಕಾರ್ಡಿಂಗ್ ನಡುವೆ ಬರುವ 'ಟಿಕ್ ಟಿಕ್' ಶಬ್ದಕ್ಕೆ ಎಷ್ಟೋ ಸಲ ಮೈಕ್ ಕಾರಣವಲ್ಲ. ಕರ್ನಲ್ ಬೇರೇನೋ ಕೆಲಸದಲ್ಲಿ ಮುಳುಗಿ, ದನಿಯ ಮುಂದಿನ ತುಣುಕನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಂಡಿರುವುದಿಲ್ಲ. 'ಜನರಲ್ ಸೆಟಪ್' ಒಳಗಿನ 'ಪ್ರಿಎಂಪ್ಷನ್' ಆಯ್ಕೆ ಬದಲಿಸಿದರೆ, ತುರ್ತು ಕೆಲಸ ಬಂದಾಗ ಕೈಯಲ್ಲಿದ್ದುದನ್ನು ಬಿಟ್ಟು ಅದನ್ನು ಮೊದಲು ಮಾಡುತ್ತದೆ. ಇದರ ಅತಿ ಕಟ್ಟುನಿಟ್ಟಿನ ರೂಪ, 'ರಿಯಲ್ ಟೈಮ್', ಎಷ್ಟೋ ವರ್ಷ ಹೊರಗಿನ ತೇಪೆಯಾಗಿಯೇ ಇತ್ತು. 2024ರ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಮುಖ್ಯ ಕರ್ನಲ್ ಒಳಗೇ ಸೇರಿತು.

ಆಮೇಲಿನದು 'ಮೇಕ್'. ಹಳೆ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಗುರುವಾರ ಕರೆಂಟ್ ತೆಗೆಯುವ ಊರು ನಮ್ಮದು, ದಿನ ನೋಡಿ ಕೂರಿ. ಬಳಿಕ 'ಸುಡೊ ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್', ಕೊನೆಗೆ 'ಸುಡೊ ಮೇಕ್ ಇನ್‌ಸ್ಟಾಲ್'. ಹಳೆಯ ಕರ್ನಲ್ಲನ್ನು ಮಾತ್ರ ಅಳಿಸಬೇಡಿ. ಹೊಸದು ಕೈಕೊಟ್ಟರೆ ಗ್ರಬ್ ಮೆನುವಿನಲ್ಲಿ ಅದನ್ನೇ ಆರಿಸಿ ಒಳಗೆ ಬರಬಹುದು.