ಎತ್ತರ, ವಸತಿ ಮತ್ತು ಸಾರಿಗೆ: ಸ್ಯಾನ್ ಫ್ರಾನ್ಸಿಸ್ಕೊದ ಟ್ರಾನ್ಸ್‌ಬೇ ಪ್ರಯೋಗ

ನಗರದ ನೆಲಕ್ಕೆ ಬೆಲೆ ಬರುವುದು ಅದರ ಒಡೆಯನ ಪರಿಶ್ರಮದಿಂದ ಮಾತ್ರವಲ್ಲ. ಸಮೀಪದಲ್ಲಿ ಹಾದುಹೋಗುವ ರಸ್ತೆ, ರೈಲುಗಳಿಂದ ಹಾಗೂ ಅಲ್ಲಿ ಎಷ್ಟು ಎತ್ತರಕ್ಕೆ ಕಟ್ಟಬಹುದೆಂಬ ಆಡಳಿತದ ನಿಯಮದಿಂದಲೂ ಹೌದು. ಹೀಗೆ ಸಾರ್ವಜನಿಕ ನಿರ್ಧಾರದಿಂದ ಹುಟ್ಟಿದ ಮೌಲ್ಯದಲ್ಲಿ ಸಾರ್ವಜನಿಕರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಟ್ರಾನ್ಸ್‌ಬೇ ಯೋಜನೆ ಉಪಯುಕ್ತ ನಿದರ್ಶನವಾಗಿದೆ.

ಅಲ್ಲಿನ ಹಳೆಯ ನಿಲ್ದಾಣ 1939ರಲ್ಲಿ ಆರಂಭಗೊಂಡಿತ್ತು. 1989ರ ಭೂಕಂಪದಲ್ಲಿ ಹಾನಿಗೊಂಡ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವಿದ ಮೇಲೆ ನಿಲ್ದಾಣದ ಸುತ್ತಮುತ್ತ ರಾಜ್ಯದ ಒಡೆತನದ ಭೂಮಿ ತೆರವಾಯಿತು. ಈ ನಿವೇಶನಗಳ ಮಾರಾಟದ ಹಣವನ್ನು ಹೊಸ ನಿಲ್ದಾಣಕ್ಕೇ ವಿನಿಯೋಗಿಸುವ ವ್ಯವಸ್ಥೆ ರೂಪುಗೊಂಡಿತು. ಜೊತೆಗೆ, ಪುನರಭಿವೃದ್ಧಿ ಪ್ರದೇಶದ ಹೊಸ ಮನೆಗಳಲ್ಲಿ ಶೇಕಡಾ 35ರಷ್ಟು ಕಡಿಮೆ ಹಾಗೂ ಮಧ್ಯಮ ಆದಾಯದವರ ಕೈಗೆಟಕುವಂತಿರಬೇಕೆಂದು 2003ರ ರಾಜ್ಯ ಶಾಸನ ವಿಧಿಸಿತು.

ಮುಂದಿನ ಘಟ್ಟ ಎತ್ತರದ್ದು. 2012ರ ಜಿಲ್ಲಾ ಯೋಜನೆ ನಿಲ್ದಾಣದ ಪರಿಸರದಲ್ಲಿ ಎತ್ತರದ ಮಿತಿಯನ್ನು ಗಣನೀಯವಾಗಿ ಏರಿಸಿತು. ನಿಲ್ದಾಣಕ್ಕೆ ಹೊಂದಿಕೊಂಡ ಗೋಪುರ 1,070 ಅಡಿಗಳನ್ನು ಮುಟ್ಟಿತು. ಉದ್ಯಾನಗಳ ಬಿಸಿಲನ್ನು ಕಾಯಲು ಮತದಾರರು 1984ರಲ್ಲಿ ಅಂಗೀಕರಿಸಿದ್ದ ನಿಯಮದಡಿಯ ನೆರಳಿನ ಮಿತಿಗಳನ್ನು ಕೆಲವು ಉದ್ಯಾನಗಳ ಮಟ್ಟಿಗೆ ಇದಕ್ಕಾಗಿ ಸಡಿಲಿಸಬೇಕಾಯಿತು. ಎತ್ತರಕ್ಕೆ ನಗರ ತೆತ್ತ ಬೆಲೆಯಲ್ಲಿ ಇದೂ ಒಂದು. ಪ್ರತಿಯಾಗಿ, ನಿಗದಿತ ಸಾಂದ್ರತೆಯನ್ನು ಮೀರುವ ಕಟ್ಟಡಗಳು ವಿಶೇಷ ತೆರಿಗೆ ವಲಯಕ್ಕೆ ಸೇರಬೇಕೆಂಬ ಷರತ್ತು ಬಂತು. ಆಸ್ತಿ ಬೆಲೆಗಳು ಏರಿ ತೆರಿಗೆಯ ಹೊರೆ ಮೊದಲಿನ ಅಂದಾಜನ್ನು ಮೀರಿದಾಗ, 2014ರಲ್ಲಿ ನಿರ್ಮಾಣಗಾರರು ಆಕ್ಷೇಪವೆತ್ತಿದರು. ವಾಗ್ವಾದದ ನಂತರ ಅದೇ ವರ್ಷ ತೆರಿಗೆ ವಲಯ ರಚನೆಯಾಯಿತು.

ಈ ವಿಧಾನದ ದೌರ್ಬಲ್ಯವೂ ಇಲ್ಲಿ ಸ್ಪಷ್ಟವಾಗುತ್ತದೆ. ಗೋಪುರದ ನಿವೇಶನಕ್ಕೆ 2007ರಲ್ಲಿ ಸುಮಾರು 35 ಕೋಟಿ ಡಾಲರುಗಳ ಪ್ರಸ್ತಾವ ಬಂದಿತ್ತು. ಆರ್ಥಿಕ ಹಿಂಜರಿತದ ತರುವಾಯ 2013ರಲ್ಲಿ ಅದು ಸುಮಾರು 19 ಕೋಟಿ ಡಾಲರುಗಳಿಗೆ ಮಾರಾಟವಾಯಿತು. 2018ರ ಆಗಸ್ಟ್‌ನಲ್ಲಿ ನಿಲ್ದಾಣ ತೆರೆದಾಗ ಬಸ್ಸುಗಳು ಬಂದವು. ನೆಲದಡಿ ರೈಲಿಗಾಗಿ ಕಟ್ಟಿದ ಅಂಕಣಕ್ಕೆ ಹಳಿ ತಲುಪಿರಲಿಲ್ಲ. ಬಿರುಕುಬಿಟ್ಟ ಉಕ್ಕಿನ ತೊಲೆಗಳಿಂದಾಗಿ ಮರುತಿಂಗಳೇ ಮುಚ್ಚಿದ ನಿಲ್ದಾಣ 2019ರಲ್ಲಿ ಮತ್ತೆ ತೆರೆಯಿತು.

ಇದಕ್ಕೆ ವ್ಯತಿರಿಕ್ತವಾಗಿ, 2012ರಲ್ಲಿ ಕ್ಯಾಲಿಫೋರ್ನಿಯದ ಪುನರಭಿವೃದ್ಧಿ ಸಂಸ್ಥೆಗಳೇ ರದ್ದಾದರೂ ಶೇಕಡಾ 35ರ ವಸತಿ ಬಾಧ್ಯತೆ ಉಳಿಯಿತು. ಭೂಮಿಯ ಬೆಲೆಯನ್ನು ನೆಚ್ಚಿದ ಆದಾಯ ಮಾರುಕಟ್ಟೆಯೊಡನೆ ಏರಿಳಿಯಿತು. ಶಾಸನದಲ್ಲಿ ದಾಖಲಾದ ವಸತಿಯ ಹಕ್ಕು ಉಳಿದುಕೊಂಡಿತು. ನಗರಗಳು ಎತ್ತರವನ್ನು ವಿನಿಮಯಕ್ಕಿಡುವ ಮುನ್ನ ಗಮನಿಸಬೇಕಾದ ವ್ಯತ್ಯಾಸವಿದು.